ಭಾನುವಾರದ ಬಿಸಿಲು

ಮಾರ್ಗಶಿರ ಹುಟ್ಟಿದಂದಿನಿಂದ ಮಾಘ ಮುಗಿಯುವವರೆಗೆ ನಮ್ಮೂರಿನಲ್ಲಿ ಬಿಸಿಲು ಒಂದೊಂದು ಬೀದಿಗೆ ವಾರಕ್ಕೊಂದು ದಿನ ಬರುತ್ತದೆ. ಸೋಮವಾರ ಕುಂಬಾರ ಬೀದಿಗೆ, ಮಂಗಳವಾರ ಪೇಟೆ ಬೀದಿಗೆ, ಹೀಗೆ. ನಮ್ಮ ಗಾಣಿಗರ ಬೀದಿಯದು ಭಾನುವಾರ. ಉಳಿದ ಆರು ದಿನ ನಮಗೆ ಸಿಗುವುದು ಒದ್ದೆ ಬಟ್ಟೆಯಲ್ಲಿ ಸೋಸಿದಂಥ ಬೆಳಕು. ಅದರಲ್ಲಿ ಅಕ್ಕಿ ಆರಿಸಬಹುದು, ಸೂಜಿಗೆ ದಾರ ಪೋಣಿಸಬಹುದು, ಆದರೆ ಒಂದು ಕರವಸ್ತ್ರವೂ ಒಣಗುವುದಿಲ್ಲ. ಕೆರೆ ಏರಿಯ ಬೀದಿಗೆ ಮಾತ್ರ ವಾರದಲ್ಲಿ ನಾಲ್ಕು ದಿನ ಬಿಸಿಲು. ಅಲ್ಲಿ ಮನೆ ಇದ್ದವರು ಯಾರೂ ಮನೆ ಬಿಡುವುದಿಲ್ಲ, ಮಾರುವುದಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವವರು ಗಂಡಿನ ಕೆಲಸ ಕೇಳುವ ಮೊದಲು ಯಾವ ವಾರದ ಬೀದಿ ಎಂದು ಕೇಳುತ್ತಾರೆ.

ನಾನು ಹೇಳುತ್ತಿರುವುದು ಪುಷ್ಯ ಮಾಸದ ಒಂದು ಭಾನುವಾರದ ಮಾತು. ಅಂದು ನನ್ನ ತಂಗಿಯ ಮಗಳು ತುಂಗಾ ನಮ್ಮ ಮನೆ ಬಿಟ್ಟು ತನ್ನ ಅಪ್ಪನ ಮನೆಗೆ ಹೋಗುವುದಿತ್ತು.

ತಂಗಿ ಗಿರಿಜೆ ಬಾಣಂತನದಲ್ಲೇ ತೀರಿಕೊಂಡಳು. ಅವಳ ಗಂಡ ಚೆನ್ನವೀರ ಕೆರೆಯ ತೂಬು ನೋಡಿಕೊಳ್ಳುವ ಕೆಲಸದವನು, ಮನೆ ಕೆರೆ ಏರಿಯ ಬೀದಿಯಲ್ಲೇ. ನಲವತ್ತು ದಿನದ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, ಇಡೀ ದಿನ ನಮ್ಮ ಜಗಲಿಯ ಮೇಲೆ ಕೂತಿದ್ದು, ಊಟ ಕೂಡ ಮಾಡದೆ ಎದ್ದು ಹೋದ. ನಮಗೆ ಮಕ್ಕಳಾಗಿರಲಿಲ್ಲ. ಆರು ವರ್ಷ ನಾನು ಆ ಮಗುವಿಗೆ ದೊಡ್ಡಮ್ಮನಾಗಿಯೇ ಇದ್ದೆ. ಅಮ್ಮ ಎಂದು ಕರೆಯಲು ಕಲಿಸಲಿಲ್ಲ. ಕಲಿಸಬಹುದಿತ್ತು. ಸತ್ತ ತಂಗಿಯ ಹೆಸರನ್ನು ಕದ್ದಂತಾಗುತ್ತದೆ ಎಂದು ಹೆದರಿದೆ. ಚೆನ್ನವೀರ ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಮೂರು ವರ್ಷದ ಹಿಂದೆ ಪ್ರಮೀಳ ಎಂಬ ಹುಡುಗಿಯನ್ನು ಮದುವೆಯಾದ. ಮದುವೆಯಾದ ಮೇಲಾದರೂ ಮಗಳನ್ನು ಕೇಳಿಯಾನು ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಅವನು ಕೇಳಲಿಲ್ಲ. ಕೊನೆಗೆ ಕರೆದುಕೊಂಡು ಹೋಗಿ ಎಂದು ಕೇಳಿಕೊಂಡವಳು ನಾನೇ.

ಹೋದ ಚಳಿಗಾಲದಲ್ಲಿ ತುಂಗಾ ಕಾಲು ನೋವು ಅಂದಳು. ಬೆಳೆಯುವ ಮಕ್ಕಳಿಗೆ ಇದ್ದದ್ದೇ ಎಂದು ಎಣ್ಣೆ ತಿಕ್ಕಿದೆ. ಈ ಚಳಿಗಾಲ ಬಂದಾಗ ಅವಳು ಗೋಡೆ ಹಿಡಿದು ನಡೆಯತೊಡಗಿದಳು. ಡಾಕ್ಟರು ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ನೋಡಿ, ಮೂಳೆ ಮೆತ್ತಗಾಗಿದೆ, ಔಷಧಿ ಬರೆದುಕೊಡುತ್ತೇನೆ, ಆದರೆ ಬಿಸಿಲು ಬೇಕು, ಈ ಚಳಿಗಾಲವೂ ಹೀಗೇ ಕಳೆದರೆ ಕಾಲು ಬಾಗಿದ್ದು ಬಾಗಿದಂತೆಯೇ ಗಟ್ಟಿಯಾಗಿಬಿಡುತ್ತದೆ ಎಂದರು.

ಬಿಸಿಲಿಗಾಗಿ ನಾನು ತಿರುಗದ ಬೀದಿ ಇಲ್ಲ. ಸೋಮವಾರ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುಂಬಾರ ಬೀದಿಗೆ ಹೋದೆ, ಬುಧವಾರ ಇನ್ನೊಂದು ಬೀದಿಗೆ. ಮೊದಲ ದಿನ ಜನ ಚಾಪೆ ಹಾಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು. ಎರಡನೆಯ ವಾರ ಮಾತಾಡಿಸಿದರು. ಮೂರನೆಯ ವಾರ, ಸ್ವಲ್ಪ ಆ ಕಡೆ ಸರೀತೀರಾ, ಹಾಸಿಗೆ ಹಾಕಬೇಕಿತ್ತು ಎಂದರು. ಅವರದೂ ತಪ್ಪಲ್ಲ. ಅವರಿಗಾದರೂ ವಾರಕ್ಕೊಂದೇ ದಿನ. ನಮ್ಮ ಭಾನುವಾರ ಯಾರಾದರೂ ಹೊರಗಿನವರು ಬಂದು ಜಗಲಿ ಹಿಡಿದು ಕೂತರೆ ನಾನೂ ಹಾಗೇ ಅನ್ನುತ್ತಿದ್ದೆ, ಅಂದಿದ್ದೇನೆ. ಅದೂ ಅಲ್ಲದೆ ಮನೆಯಲ್ಲಿ ಎಡಗೈ ಎಡಗಾಲು ಬಿದ್ದುಹೋದ ಅತ್ತೆ ಇದ್ದರು. ಅವರನ್ನು ಬಿಟ್ಟು ದಿನವೂ ಹೊರಗೆ ಹೋಗುವಂತಿರಲಿಲ್ಲ. ಯಜಮಾನರು ಬಡಗಿ. ಮನೆಯ ಮುಂದಿನ ಕೋಣೆಯಲ್ಲೇ ಕೆಲಸ, ಅಲ್ಲೇ ಮರ. ಬೇರೆ ಬೀದಿಗೆ ಮನೆ ಬದಲಿಸೋಣ ಎಂದು ಬಾಯಿ ತೆರೆದರೆ ಅದು ಬರೀ ಮಾತಾಗುತ್ತಿತ್ತು.

ಹಾಗಾಗಿ ಬುಧವಾರ ಚೆನ್ನವೀರನಿಗೆ ಚೀಟಿ ಬರೆದು ಕಳಿಸಿದೆ. ಅವನು ಭಾನುವಾರ ಬರುತ್ತೇನೆ ಎಂದು ಅದರ ಹಿಂದೆಯೇ ಬರೆದು ಕಳಿಸಿದ. ಚೀಟಿ ಬರೆದದ್ದನ್ನು ಯಜಮಾನರಿಗೆ ಆಮೇಲೆ ಹೇಳಿದೆ. ಅವರು ಕೈಯಲ್ಲಿದ್ದ ಉಜ್ಜುಗೊರಡನ್ನು ಕೆಳಗಿಟ್ಟು ಎದ್ದು ಹೋದವರು, ಆಮೇಲೆ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಬಂದು ಕೂರುತ್ತಿದ್ದರು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು.

ಆ ಭಾನುವಾರ ಬೆಳಗ್ಗೆಯಿಂದಲೇ ಒಂದೂ ನೆಟ್ಟಗಾಗಲಿಲ್ಲ. ವಾರವೆಲ್ಲ ನೆನೆದ ಸೌದೆ ಹೊತ್ತದೆ ಹಂಡೆಯ ನೀರು ಕಾಯಲಿಲ್ಲ. ತುಂಗಾಳಿಗೆ ಎಣ್ಣೆ ಹಚ್ಚಿ ಕೂರಿಸಿ, ಊದಿ ಊದಿ ಕಣ್ಣೆಲ್ಲ ಹೊಗೆಯಾಯಿತು. ಕಣ್ಣೊರೆಸಿಕೊಳ್ಳುವುದಕ್ಕೆ ಅದೊಂದು ನೆಪವೂ ಆಯಿತು. ಅವಳ ಹೊಸ ಕೆಂಪು ಲಂಗವನ್ನು ಬಿಳಿ ಪೆಟಿಕೋಟುಗಳ ಜೊತೆಗೇ ನೆನೆಹಾಕಿಬಿಟ್ಟಿದ್ದೆ. ತೆಗೆದಾಗ ಎಲ್ಲವೂ ಗುಲಾಬಿಯಾಗಿದ್ದವು. ಅಷ್ಟರಲ್ಲಿ ಬೀದಿಯ ಮೂಡಲ ತುದಿಯ ಹೆಂಚುಗಳ ಮೇಲೆ ಬಿಸಿಲು ಕಾಣಿಸಿಕೊಂಡಿತು. ಎಲ್ಲ ಮನೆಗಳ ಬಾಗಿಲೂ ಒಟ್ಟಿಗೇ ತೆರೆದವು. ಹಾಸಿಗೆ, ಕಂಬಳಿ, ಮೊರ, ಹಪ್ಪಳದ ಚಾಪೆ, ಮುದುಕರು, ಕೂಸುಗಳು ಎಲ್ಲರೂ ಹೊರಗೆ ಬಂದರು. ಭಾನುವಾರ ನಮ್ಮ ಬೀದಿಯಲ್ಲಿ ಯಾರೂ ಸ್ನಾನದ ಮನೆಯಲ್ಲಿ ಹಾಡಿಕೊಳ್ಳುವುದಿಲ್ಲ, ಅಷ್ಟು ಅವಸರ.

ಯಜಮಾನರು ಅತ್ತೆಯನ್ನು ಎತ್ತಿಕೊಂಡು ಬಂದು ಜಗಲಿಯ ಕುರ್ಚಿಯಲ್ಲಿ ಕೂರಿಸಿದರು. ಅತ್ತೆ ಎಂದಿನಂತೆ ಕಂಬದ ನೆರಳಿನ ಕಡೆಗೇ ಕುರ್ಚಿ ಹಾಕಿಸಿಕೊಂಡರು. ಅವರ ಮಾತು ಅರ್ಧ ತೊದಲು, ಆದರೆ ನಮಗೆ ಅರ್ಥವಾಗುತ್ತದೆ. ಒಳ್ಳೆಯ ಬಿಸಿಲು ಬೀಳುವ ಜಾಗ ಮಗುವಿಗಿರಲಿ ಎಂಬುದು ಅವರ ಹಠ. ತುಂಗಾ ಆ ಜಾಗದಲ್ಲಿ ಕಾಲು ಚಾಚಿ ಕೂತಳು. ಅವಳ ಕೂದಲು ಒಣಗಿಸುತ್ತ ನಾನು ಹಿಂದೆ ಕೂತೆ. ಆಗ ಅವಳಿಗೆ ಹೇಳಿದೆ, ಇವತ್ತು ಅಪ್ಪ ಬರುತ್ತಾರೆ, ಶಿವರಾತ್ರಿಯವರೆಗೆ ನೀನು ಅಲ್ಲಿರಬೇಕು, ಕಾಲು ಸರಿಹೋದ ಮೇಲೆ ಬರುವೆಯಂತೆ ಎಂದು. ಶಿವರಾತ್ರಿಯ ಮಾತು ಸುಳ್ಳು. ಇನ್ನೆರಡು ಮೂರು ಚಳಿಗಾಲವಾದರೂ ಬೇಕು ಎಂದಿದ್ದರು ಡಾಕ್ಟರು. ಮೂರು ವರ್ಷ ಒಂದು ಮನೆಯಲ್ಲಿ ಬೆಳೆದ ಮಗು ಅಲ್ಲಿನದೇ ಆಗುತ್ತದೆ. ತುಂಗಾಳ ಬೆನ್ನಷ್ಟೇ ನನಗೆ ಕಾಣುತ್ತಿತ್ತು.

ಬಿಸಿಲು ಹೋದ ಕಡೆ ವ್ಯಾಪಾರದವರೂ ಹೋಗುತ್ತಾರೆ. ಅಂದು ಬಳೆಯವಳು, ಕ್ಷೌರದವನು, ಚಪ್ಪಲಿ ಹೊಲಿಯುವ ಮುದುಕ ಎಲ್ಲರೂ ನಮ್ಮ ಬೀದಿಗೆ ಬಂದಿದ್ದರು. ತುಂಗಾಳ ಚಪ್ಪಲಿಯ ಪಟ್ಟಿ ಕಿತ್ತು ಹದಿನೈದು ದಿನವಾಗಿತ್ತು. ಕಿತ್ತ ಚಪ್ಪಲಿಯಲ್ಲಿ ಕಳಿಸಿದರೆಂದು ಆ ಮನೆಯವರು ಅಂದುಕೊಳ್ಳಬಾರದು ಎಂದು ತೆಗೆದುಕೊಂಡು ಓಡಿದೆ. ಮುದುಕ ಚಪ್ಪಲಿಯನ್ನು ತಿರುಗಿಸಿ ನೋಡಿದ. ಎರಡೂ ಹಿಮ್ಮಡಿ ಒಳಮಗ್ಗುಲಲ್ಲಿ ಓರೆಯಾಗಿ ಸವೆದಿತ್ತು.

"ಪಟ್ಟಿ ಹಾಕ್ತೀನಿ ತಾಯಿ," ಅಂದ. "ಆದ್ರೆ ಈ ಸವೆತ ಚಪ್ಪಲೀದಲ್ಲ."

ಗೊತ್ತು ಅಂದೆ. ಅವನು ಪಟ್ಟಿ ಹೊಲಿದು, ಕೇಳದಿದ್ದರೂ ಒಳಮಗ್ಗುಲಿಗೆ ಒಂದು ತೆಳ್ಳನೆಯ ತೊಗಲಿನ ತುಂಡು ಅಂಟಿಸಿಕೊಟ್ಟ. ವಾಪಸು ಬರುವಷ್ಟರಲ್ಲಿ ಒಲೆಯ ಮೇಲಿಟ್ಟಿದ್ದ ಪಾಯಸದ ಹಾಲು ಉಕ್ಕಿ ತಳ ಹಿಡಿದಿತ್ತು. ಹಿತ್ತಲಿನ ಹಗ್ಗ ಕಿತ್ತು ಅತ್ತೆಯ ದುಪ್ಪಟಿ ಚರಂಡಿಗೆ ಬಿದ್ದಿತ್ತು. ಇನ್ನೊಂದು ಭಾನುವಾರವಾಗಿದ್ದರೆ ನಾನು ಯಾರ ಮೇಲಾದರೂ ಕೂಗಾಡುತ್ತಿದ್ದೆ. ಅಂದು ದುಪ್ಪಟಿಯನ್ನು ಮತ್ತೆ ಒಗೆಯುತ್ತ ಕೂತಿದ್ದು ಹಿತವೇ ಅನಿಸಿತು. ಎಷ್ಟು ಕೆಲಸ ಹೆಚ್ಚಿದರೆ ಅಷ್ಟು ಹೊತ್ತು ಮಧ್ಯಾಹ್ನ ದೂರ ಇರುತ್ತದೆ ಎಂಬಂತೆ.

ಚೆನ್ನವೀರ, ಪ್ರಮೀಳ ಇಬ್ಬರೂ ಜಟಕಾ ಮಾಡಿಕೊಂಡು ಹನ್ನೆರಡಕ್ಕೆಲ್ಲ ಬಂದರು. ಪ್ರಮೀಳಳನ್ನು ನಾನು ಮದುವೆಯಲ್ಲಿ ನೋಡಿದ್ದು, ಆಮೇಲೆ ಎರಡು ಸಲ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬಂದವಳೇ ಅತ್ತೆಯ ಕಾಲಿಗೆ ನಮಸ್ಕರಿಸಿ, ಅವರ ಜಾರಿದ ಶಾಲು ಸರಿಮಾಡಿ, ಅಡುಗೆಮನೆಗೆ ಬಂದು ಎಲೆ ತೊಳೆಯಲು ಕೂತಳು. ತಳ ಹಿಡಿದ ಪಾಯಸವನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಊಟದ ಮೇಲೆ ಪಾತ್ರೆ ತೊಳೆಯುವಾಗ ಅವಳು ಬಂದು ಪಕ್ಕದಲ್ಲಿ ನಿಂತಳು.

"ಅಕ್ಕ, ಮಗೂಗೆ ಏನೇನು ಬೇಕು ಅಂತ ನನಗೆ ಗೊತ್ತಿಲ್ಲ. ನೀವು ಹೇಳಿ, ನೆನಪಿಟ್ಕೊಳ್ತೀನಿ."

ಹೇಳಿದೆ. ಹಾಲಿಗೆ ಸಕ್ಕರೆ ಬೇಡ, ಬೆಲ್ಲ ಬೇಕು. ಬದನೆಕಾಯಿ ತಿಂದರೆ ಮೈ ಕೆರೆಯುತ್ತದೆ. ಗುಡುಗಿಗೆ ಹೆದರುವುದಿಲ್ಲ, ಬೆಕ್ಕಿಗೆ ಹೆದರುತ್ತಾಳೆ. ತಲೆ ಬಾಚುವಾಗ ಬಲಗಡೆಯಿಂದ ಶುರು ಮಾಡಬೇಕು. ಔಷಧಿಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಡಬೇಕು. ಪ್ರಮೀಳ ಒಂದೊಂದಕ್ಕೂ ತಲೆಯಾಡಿಸಿ, ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದಳು. ಒಂದನ್ನು ಮಾತ್ರ ನಾನು ಹೇಳಲಿಲ್ಲ. ತುಂಗಾ ನಿದ್ದೆ ಹೋಗಬೇಕಾದರೆ ಪಕ್ಕದಲ್ಲಿ ಮಲಗಿದವರ ಕಿವಿಯ ಹಾಲೆಯನ್ನು ಬೆರಳುಗಳಲ್ಲಿ ಹಿಡಿದುಕೊಳ್ಳಬೇಕು. ಕೂಸಾಗಿದ್ದಾಗಿನಿಂದ ಅದು ನನ್ನ ಕಿವಿ. ಅದು ಬಾಯಿಯವರೆಗೆ ಬಂತು, ನುಂಗಿಕೊಂಡೆ. ಇಷ್ಟೆಲ್ಲ ಕೊಟ್ಟಿದ್ದೇನಲ್ಲ, ಅದೊಂದು ನನ್ನಲ್ಲೇ ಇರಲಿ ಅನಿಸಿತು. ಅದು ಮಗುವಿನ ನಿದ್ದೆ, ನನ್ನ ಒಡವೆಯಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅಥವಾ ಹೊಳೆದರೂ ಹಾಗೇ ಮಾಡಿದೆ.

ಎರಡು ಗಂಟೆಯ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಜಟಕಾದವನು ಹೊರಡೋಣವೇ ಎಂದು ಒಮ್ಮೆ ಕೇಳಿ ಹೋಗಿದ್ದ. ಆಗ ತುಂಗಾ ಎದ್ದಳು. ಹೊಲಿಸಿ ತಂದ ಚಪ್ಪಲಿ ಹಾಕಿಕೊಂಡಳು.

"ಅಪ್ಪ, ಇಲ್ಲಿ ನೋಡು," ಅಂದಳು.

ಜಗಲಿಯ ಮೆಟ್ಟಿಲನ್ನು ಕಂಬ ಹಿಡಿಯದೆ ಇಳಿದಳು. ಬೀದಿಯ ನಡುವೆ ನಿಂತು, ಎದುರು ಸಾಲಿನ ಕೊನೆಗಿದ್ದ ಕೈಪಂಪಿನ ಕಡೆಗೆ ನಡೆಯತೊಡಗಿದಳು. ಆರು ವಾರದಿಂದ ಅವಳು ಗೋಡೆ ಬಿಟ್ಟು ಅಷ್ಟು ದೂರ ನಡೆದಿರಲಿಲ್ಲ. ಮೊರದ ಮುಂದೆ ಕೂತಿದ್ದ ಪಕ್ಕದ ಮನೆಯವರು ಕೈ ನಿಲ್ಲಿಸಿ ನೋಡಿದರು. ಅವಳು ಎರಡೂ ಕೈಯನ್ನು ಮೈಗೆ ಅಂಟಿಸಿಕೊಂಡು, ತಲೆ ಎತ್ತಿ, ಸ್ಕೂಲಿನಲ್ಲಿ ಕವಾಯತು ಮಾಡುವಂತೆ ಒಂದೊಂದೇ ಹೆಜ್ಜೆ ಇಟ್ಟಳು. ಪಂಪಿನ ಹತ್ತಿರ ತಿರುಗುವಾಗ ಕೈ ಅದರ ಹಿಡಿಯ ಕಡೆ ಹೋಯಿತು. ಮುಟ್ಟುವ ಮೊದಲೇ ಹಿಂದಕ್ಕೆ ತೆಗೆದುಕೊಂಡಳು. ವಾಪಸು ಬರುವಾಗ ಬಿಸಿಲು ಅವಳ ಮುಖದ ಮೇಲಿತ್ತು. ಅವಳು ಕಣ್ಣು ಕಿರಿದು ಮಾಡಿದ್ದು ಬಿಸಿಲಿಗೋ ನೋವಿಗೋ ಎಂದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು.

ಬಂದು ನನ್ನ ಮುಂದೆ ನಿಂತಳು. ಆ ಚಳಿಯಲ್ಲಿ ಅವಳ ಮೇಲ್ತುಟಿಯ ಮೇಲೆ ಬೆವರಿತ್ತು.

"ನೋವಿಲ್ಲ ದೊಡ್ಡಮ್ಮ. ಸರಿಹೋಯ್ತು. ನೀನೇ ನೋಡ್ದೆಯಲ್ಲ."

ಚೆನ್ನವೀರ ನೆಲ ನೋಡುತ್ತ, "ಅಕ್ಕ, ನಡೀತಾಳಲ್ಲ," ಅಂದ. "ನೀವು ಹೇಗೆ ಹೇಳ್ತೀರೋ ಹಾಗೆ. ನನ್ನದೇನೂ ಒತ್ತಾಯ ಇಲ್ಲ."

ನಾಲ್ಕು ದಿನದಲ್ಲಿ ಮೊದಲ ಸಲ ಯಜಮಾನರು ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಇದ್ದದ್ದು ಕೋಪವಲ್ಲ, ಬೇಡಿಕೆ. ನಾನು ಒಂದು ಮಾತು, ಇರಲಿ ಬಿಡಿ ಎಂಬ ಒಂದು ಮಾತು ಅಂದಿದ್ದರೆ ಸಾಕಿತ್ತು. ಜಟಕಾ ಬಂದ ಹಾಗೇ ಹೋಗುತ್ತಿತ್ತು. ಆ ಮಾತು ಹೇಳಲು ನನಗೆಷ್ಟು ಆಸೆಯಾಯಿತೆಂದರೆ, ಮೈಯೆಲ್ಲ ಅದರ ಕಡೆಗೇ ವಾಲಿತು.

ತುಂಗಾಳನ್ನು ಹತ್ತಿರ ಎಳೆದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡೆ. ಡಾಕ್ಟರು ಒತ್ತಿದ ಜಾಗದಲ್ಲೇ, ಮೊಣಕಾಲಿನ ಕೆಳಗೆ, ಹೆಬ್ಬೆರಳಿಟ್ಟು ಒತ್ತಿದೆ. ಅವಳು ಕೂಗಲಿಲ್ಲ. ಕೂಗಬಾರದೆಂದು ಕೆಳತುಟಿ ಕಚ್ಚಿ ಹಿಡಿದಳು. ಕಣ್ಣಿನಿಂದ ನೀರು ಮಾತ್ರ ತಾನಾಗಿ ಇಳಿದು ನನ್ನ ಕೈಮೇಲೆ ಬಿತ್ತು.

"ನೋವಿದೆ," ಅಂದೆ ಚೆನ್ನವೀರನಿಗೆ. "ಕರ್ಕೊಂಡು ಹೋಗಿ."

ತುಂಗಾ ನನ್ನ ತೊಡೆಯಿಂದ ಇಳಿದಳು. ಆಮೇಲೆ ಹೊರಡುವವರೆಗೂ ನನ್ನ ಕಡೆ ನೋಡಲಿಲ್ಲ. ಅತ್ತೆ ಬಲಗೈಯಿಂದ ಅವಳ ತಲೆ ಸವರಿ ಏನೋ ಹೇಳಿದರು. ಅವರ ತೊದಲು ಅಂದು ನನಗೂ ಅರ್ಥವಾಗಲಿಲ್ಲ, ತುಂಗಾ ಮಾತ್ರ ತಲೆಯಾಡಿಸಿದಳು. ಯಜಮಾನರು ಅವಳನ್ನು ಎತ್ತಿಕೊಂಡು ಜಟಕಾದವರೆಗೆ ಹೋದರು. ಒಳಗೆ ಕೂರಿಸುವ ಮೊದಲು ಸ್ವಲ್ಪ ಹೊತ್ತು ಹಾಗೇ ನಿಂತು ಅವಳ ಹತ್ತಿರ ಏನೋ ಮಾತಾಡಿದರು. ಏನು ಎಂದು ನಾನು ಇವತ್ತಿನವರೆಗೆ ಕೇಳಿಲ್ಲ. ಅವಳು ಪ್ರಮೀಳ ಮತ್ತು ಚೆನ್ನವೀರನ ನಡುವೆ ಕೂತು ಕುದುರೆಯ ಬೆನ್ನು ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೈ ಎತ್ತಿದೆ. ಅವಳು ಎತ್ತಲಿಲ್ಲ.

ಜಟಕಾ ಬೀದಿಯ ತುದಿ ಮುಟ್ಟಿತ್ತು. ಆಗ ನನ್ನ ಕಣ್ಣ ಮುಂದೆ ಬಂದದ್ದು ಅವಳ ಮುಖವಲ್ಲ, ಅವಳ ಎರಡು ಬೆರಳು. ಹೊಸ ಮನೆಯಲ್ಲಿ, ಹೊಸ ಹಾಸಿಗೆಯಲ್ಲಿ, ಏನೂ ಸಿಗದೆ ದಿಂಬಿನ ಅಂಚು ಹುಡುಕುವ ಬೆರಳು. ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಜನ ಹಾಸಿಗೆ ಚಾಪೆ ಹಾಸಿದ ಬೀದಿ. ಯಾರದೋ ಸಂಡಿಗೆ ತುಳಿದೆ, ಯಾರದೋ ಮೆಣಸಿನಕಾಯಿ ಚೆಲ್ಲಿದೆ. ಹಿಂದಿನಿಂದ ಯಾರೋ ಬೈದರು. ಜಟಕಾದವನು ನೋಡಿ ಕುದುರೆ ನಿಲ್ಲಿಸಿದ. ಮಗಳನ್ನು ವಾಪಸು ಇಳಿಸಿಕೊಳ್ಳಲು ಬಂದೆ ಎಂದುಕೊಂಡನೋ ಏನೋ, ಚೆನ್ನವೀರ ಸರಿದು ದಾರಿ ಬಿಟ್ಟ. ನಾನು ಪ್ರಮೀಳಳ ಕಡೆ ಹೋಗಿ ಗಾಡಿಯ ಅಂಚು ಹಿಡಿದುಕೊಂಡೆ.

"ಮಲಗೋವಾಗ ಕಿವಿ ಹಿಡ್ಕೋತಾಳೆ," ಅಂದೆ. ಉಸಿರು ಸಾಲಲಿಲ್ಲ. "ಪಕ್ಕದಲ್ಲಿ ಮಲಗಿದವರ ಕಿವಿ. ಇಲ್ದಿದ್ರೆ ನಿದ್ದೆ ಬರಲ್ಲ. ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಪ್ರಮೀಳ ನನ್ನನ್ನೇ ನೋಡಿದಳು. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳದೆಯೇ ತಿಳಿದುಕೊಂಡಳು ಎಂದು ನನಗೂ ತಿಳಿಯಿತು. ಅವಳು ತಲೆ ಓರೆ ಮಾಡಿ, ತುಂಗಾ ಕೂತ ಕಡೆಯ ಕಿವಿಯ ಓಲೆಯನ್ನು ತಿರುಗಿಸಿ ಬಿಚ್ಚಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ಬೆರಳಿಗೆ ಚುಚ್ಚಬಾರದೆಂದು. ತುಂಗಾ ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಜಟಕಾ ನಮ್ಮ ಬಿಸಿಲಿನಿಂದಾಚೆ ಪೇಟೆ ಬೀದಿಯ ಮಂಕಿಗೆ ಇಳಿಯಿತು.

ನಾಲ್ಕು ಗಂಟೆಗೆ ಬಿಸಿಲು ಬೀದಿ ಬಿಟ್ಟಿತು. ಎಲ್ಲರೂ ಹಾಸಿಗೆ ಬಡಿದು ಒಳಗೆ ಎಳೆದುಕೊಂಡರು. ನಾನು ಹಿತ್ತಲಿನಲ್ಲಿ ನಿಂತಿದ್ದೆ, ಮಾಡಲು ಏನಿದೆ ಎಂದು ನೆನಪಾಗದೆ. ಯಜಮಾನರು ಬಾಗಿಲಿಗೆ ಬಂದರು. "ಅಮ್ಮನಿಗೆ ಚಳಿ ಆಗ್ತಿದೆ," ಅಂದರು. "ಒಳಗೆ ಕರ್ಕೊಂಡು ಹೋಗೋಣ. ನೀನು ಕಾಲ ಕಡೆ ಹಿಡ್ಕೋ." ಅವರೊಬ್ಬರೇ ಎತ್ತಬಲ್ಲರು, ದಿನವೂ ಎತ್ತುತ್ತಾರೆ. ಅಂದು ಇಬ್ಬರೂ ಸೇರಿ ಎತ್ತಿದೆವು.

ಉಳಿದ ಚಳಿಗಾಲದಲ್ಲಿ ನಾನು ಕೆರೆ ಏರಿಗೆ ಹೋಗಲಿಲ್ಲ. ಎರಡು ಸಲ ಹೊರಟು ಪೇಟೆ ಬೀದಿಯ ತಿರುವಿನಿಂದಲೇ ಹಿಂದಿರುಗಿದೆ. ಮಗು ಅಲ್ಲಿಗೆ ಹೊಂದಿಕೊಳ್ಳುತ್ತಿರುವಾಗ ನಾನು ಕಾಣಿಸಿಕೊಳ್ಳಬಾರದು ಎಂದು ಇತರರಿಗೆ ಹೇಳುತ್ತಿದ್ದೆ. ನಿಜವಾಗಿ, ಅವಳು ನನ್ನನ್ನು ನೋಡಿ ಮುಖ ತಿರುಗಿಸಿದರೆ ಎಂಬ ಭಯ. ಬಳೆಯವಳು ವಾರವಾರ ಸುದ್ದಿ ತರುತ್ತಿದ್ದಳು. ಮಗು ಏರಿಯ ಮೇಲೆ ಕೂತಿರುತ್ತದೆ, ಮಗು ಗೋಡೆ ಬಿಟ್ಟು ನಡೆಯಿತು, ಮಗುವಿನ ಕೆನ್ನೆ ಕಪ್ಪಾಗಿದೆ.

ಫಾಲ್ಗುಣ ಬಂದು ಬಿಸಿಲು ಎಲ್ಲ ಬೀದಿಗೂ ಸಮನಾಗಿ ಬಿದ್ದ ಮೇಲೆ ಒಂದು ಬೆಳಗ್ಗೆ ಅವರು ಮೂವರೂ ಬಂದರು. ಜಟಕಾ ನಿಲ್ಲುವ ಮೊದಲೇ ತುಂಗಾ ಧುಮುಕಿ ಓಡಿಬಂದಳು. ಓಡಿಬಂದಳು. ಎಡಗಾಲು ಇನ್ನೂ ತುಸು ಬಾಗಿತ್ತು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಅತ್ತೆಯನ್ನು ತಬ್ಬಿಕೊಂಡಳು, ದೊಡ್ಡಪ್ಪನ ಹೆಗಲು ಹತ್ತಿದಳು, ನನ್ನ ಸೊಂಟಕ್ಕೂ ಒಮ್ಮೆ ಆತುಕೊಂಡು ಹೋದಳು. ಮುಖ ತಿರುಗಿಸಲಿಲ್ಲ. ಕೆರೆಗೆ ಬಂದ ಕೊಕ್ಕರೆಗಳ ಬಗ್ಗೆ, ತೂಬಿನ ಗಾಲಿ ತಾನೇ ತಿರುಗಿಸಿದ್ದರ ಬಗ್ಗೆ ಒಂದೇ ಸಮನೆ ಹೇಳಿದಳು. ಮಾತಿನ ನಡುವೆ ಪ್ರಮೀಳಳನ್ನು ಅಮ್ಮ ಎಂದು ಕರೆದಳು. ಅದಕ್ಕೆ ನಾನು ಸಿದ್ಧಳಾಗಿದ್ದೆ. ಎಷ್ಟೋ ವಾರದಿಂದ ಆ ಮಾತನ್ನು ಒಬ್ಬಳೇ ಇದ್ದಾಗ ಕಿವಿಗೆ ಕೇಳಿಸಿಕೊಂಡು ಅಭ್ಯಾಸ ಮಾಡಿಕೊಂಡಿದ್ದೆ.

ಆಮೇಲೆ ಅವಳು ಬೀದಿಯ ಮಕ್ಕಳ ಜೊತೆ ಆಡಲು ಹೋದಳು. ನಾನು ಒಲೆಯ ಮುಂದಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಏದುಸಿರು ಕೇಳಿ ತಿರುಗಿದರೆ, ಅಡುಗೆಮನೆಯ ಹೊಸ್ತಿಲಿನ ಆಚೆ ನಿಂತಿದ್ದಳು. ನೀರಿನ ಗಡಿಗೆ ಹೊಸ್ತಿಲಿನ ಪಕ್ಕದಲ್ಲೇ ಇತ್ತು, ಲೋಟ ಅದರ ಮೇಲೆಯೇ ಇತ್ತು. ನಡೆಯಲು ಕಲಿತಾಗಿನಿಂದ ಅವಳು ಅದರಲ್ಲಿ ಕೈ ಅದ್ದಿ, ನೆಲವೆಲ್ಲ ಚೆಲ್ಲಿ, ನನ್ನಿಂದ ಬೈಸಿಕೊಂಡು ಕುಡಿದವಳು.

"ದೊಡ್ಡಮ್ಮ," ಅಂದಳು, "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?"

ನಾನು ಲೋಟವನ್ನು ತೊಳೆದೆ. ತುಂಬಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವಳು ನಿಂತೇ, ಒಂದು ಹನಿಯೂ ಚೆಲ್ಲದಂತೆ ಕುಡಿದಳು. ಲೋಟವನ್ನು ಹೊಸ್ತಿಲಿನ ಮಗ್ಗುಲಿಗೆ ಇಟ್ಟು ಹೊರಗೆ ಓಡಿದಳು. ಜಗಲಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿದ ಸದ್ದು ಕೇಳಿತು, ಆಮೇಲೆ ಬೀದಿಯುದ್ದಕ್ಕೂ ಅವಳ ಕಾಲಿನ ಸದ್ದು.